ಎರಡು ರಿಜಿಸ್ಟರುಗಳು

ನಮ್ಮ ತಂದೆಯವರು ಸಣ್ಣ ಊರೊಂದರ ಪುರಸಭೆಯಲ್ಲಿ ಗುಮಾಸ್ತರಾಗಿದ್ದರು. ಜನನ ಮರಣಗಳ ರಿಜಿಸ್ಟರು ಬರೆಯುವುದು ಅವರ ಕೆಲಸ. ರಟ್ಟಿನ ಹೊದಿಕೆಯ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ಉದ್ದನೆಯ ಪುಸ್ತಕ ಅದು. ಮರಣದ ಪುಟಗಳಲ್ಲಿ ‘ಕಾರಣ’ ಎಂಬ ತಲೆಬರಹದ ಒಂದು ಅಂಕಣವಿತ್ತು. ಅದರಲ್ಲಿ ಜ್ವರ, ಭೇದಿ, ಮುಪ್ಪು, ಹೆರಿಗೆ ಎಂಬ ನಾಲ್ಕಾರು ಮಾತುಗಳೇ ಮತ್ತೆ ಮತ್ತೆ ಬರುತ್ತಿದ್ದವು. ಮನುಷ್ಯರು ಸಾಯುವುದಕ್ಕೆ ಇಷ್ಟೇ ಕಾರಣಗಳಿರಬೇಕೆಂದು ಬಾಲ್ಯದಲ್ಲಿ ನಾನು ನಂಬಿದ್ದೆ.

1966ರ ಮಳೆಗಾಲದಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಸೊಸೆ ತೀರಿಕೊಂಡರು. ನನಗಾಗ ಹತ್ತು ವರ್ಷ. ಆಕೆಗೆ ನಾಲ್ವರು ಮಕ್ಕಳು. ಕೊನೆಯದು ಇನ್ನೂ ಕಂಕುಳ ಕೂಸು. ಸೋಮವಾರ ಬಾವಿಯಲ್ಲಿ ನೀರು ಸೇದುತ್ತಿದ್ದವರು ಶುಕ್ರವಾರ ಇರಲಿಲ್ಲ. ಬೀದಿಯ ಹೆಂಗಸರು ಗುಂಪು ಕೂಡಿ ಪಿಸುಗುಟ್ಟುತ್ತಿದ್ದರು; ನಾವು ಹತ್ತಿರ ಸುಳಿದರೆ ಮಾತು ನಿಲ್ಲುತ್ತಿತ್ತು. ತಂದೆಯವರು ರಿಜಿಸ್ಟರಿನಲ್ಲಿ ‘ಜ್ವರ’ ಎಂದು ಬರೆದರು.

ಎಷ್ಟೋ ವರ್ಷಗಳ ಮೇಲೆ, ಅವರು ನಿವೃತ್ತರಾಗಿ ಜಗಲಿಯಲ್ಲಿ ಕುಳಿತಿರುತ್ತಿದ್ದ ಕಾಲದಲ್ಲಿ, ನಾನು ಧೈರ್ಯ ಮಾಡಿ ಕೇಳಿದೆ: “ಅಣ್ಣ, ಅವರಿಗೆ ನಿಜವಾಗಿ ಜ್ವರ ಬಂದಿತ್ತೆ?”

“ಬಂದಿತ್ತು. ಬರದೆ ಇರುತ್ತದೆಯೆ? ಐದನೆಯ ಬಸಿರು. ಬೇಡವೆಂದು ಯಾರ ಕೈಲೋ ಮದ್ದು ಮಾಡಿಸಿಕೊಂಡರು. ನಂಜೇರಿತು. ನಾನು ಬರೆದದ್ದು ಪೂರ್ತಿ ಸುಳ್ಳೂ ಅಲ್ಲ. ನಿಜ ಬರೆದಿದ್ದರೆ ಪೋಲೀಸರು ಆ ಮನೆಯ ಬಾಗಿಲಿಗೆ ಬರುತ್ತಿದ್ದರು. ಹೋದವಳು ಹೋದಳು, ಆ ಮಕ್ಕಳ ಮಾನವನ್ನೂ ನಾನೇ ಕಳೆಯಬೇಕಾಗಿತ್ತೆ?”

ಇದಕ್ಕೆ ಏನು ಹೇಳಬೇಕೆಂದು ನನಗೆ ಅಂದು ತೋಚಲಿಲ್ಲ. ತಂದೆಯವರು ಸುಳ್ಳು ಬರೆಯುವ ಮನುಷ್ಯರಲ್ಲ. ಒಂದು ಕಾಸಿನ ರಸೀತಿಗೂ ಲೆಕ್ಕ ಇಟ್ಟವರು. ಅಂಥವರ ಕೈಯಿಂದ ಆ ಒಂದು ಮಾತನ್ನು ಬರೆಯಿಸಿದ್ದು ಯಾವುದು ಎಂದು ಹುಡುಕುತ್ತ ಹೋದದ್ದರಿಂದ ಈ ಲೇಖನ ಹುಟ್ಟಿತು.

ಬರೆಯಿಸಿದ್ದು 1860ರ ಭಾರತೀಯ ದಂಡಸಂಹಿತೆ. ಮೆಕಾಲೆ ಮತ್ತು ಅವನ ಜೊತೆಯವರು ಕರಡು ಮಾಡಿದ ಆ ಸಂಹಿತೆಯ 312ನೆಯ ಕಲಮಿನ ಪ್ರಕಾರ ಗರ್ಭಪಾತ ಮಾಡಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆ. ಗರ್ಭದಲ್ಲಿ ಚಲನೆ ಕಂಡ ಮೇಲಾದರೆ ಏಳು ವರ್ಷಗಳವರೆಗೆ. ಹೆಂಗಸಿನ ಪ್ರಾಣ ಉಳಿಸುವುದಕ್ಕಾಗಿ ಸದ್ಭಾವನೆಯಿಂದ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ತನ್ನ ಗರ್ಭವನ್ನು ತಾನೇ ಇಳಿಸಿಕೊಂಡ ಹೆಂಗಸೂ ಅಪರಾಧಿಯೇ ಎಂದು ಕಲಮಿನ ವಿವರಣೆ ಸ್ಪಷ್ಟವಾಗಿ ಹೇಳಿತು. ಹೀಗಿರುವಾಗ ಯಾವ ವೈದ್ಯರು ಕಾಗದದ ಮೇಲೆ ನಿಜ ಬರೆದಾರು? ಯಾವ ಮನೆಯವರು ಬರೆಯಿಸಿಯಾರು? ಮಾಡಿದವರಿಗೂ ಮಾಡಿಸಿಕೊಂಡವರಿಗೂ ದಾಖಲೆಯೆಂದರೆ ಸಾಕ್ಷ್ಯ. ಆದುದರಿಂದ ದಾಖಲೆಯೇ ಹುಟ್ಟಲಿಲ್ಲ. ನಮ್ಮ ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ದೇಶಕ್ಕೇ ಮೇಲ್ಪಂಕ್ತಿಯಾದ ಕೆಲಸ ಅದು. ಆದರೆ ಗರ್ಭ ನಿಂತ ಮೇಲಿನ ಕಷ್ಟಕ್ಕೆ ಅಲ್ಲಿಯೂ ದಾರಿಯಿರಲಿಲ್ಲ.

ಕಾನೂನಿನ ಮೂಲವಾದ ಇಂಗ್ಲೆಂಡಿನಲ್ಲಿ ಈ ಮೌನವನ್ನು ಒಬ್ಬ ವೈದ್ಯ ಮುರಿದ. 1938ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞ ಆಲೆಕ್ ಬೋರ್ನ್, ಸೈನಿಕರ ಅತ್ಯಾಚಾರಕ್ಕೆ ಸಿಕ್ಕಿ ಗರ್ಭಿಣಿಯಾದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಗರ್ಭಪಾತ ಮಾಡಿದ. ಮಾಡಿದ್ದನ್ನು ಮುಚ್ಚಿಡಲಿಲ್ಲ, ಅಧಿಕಾರಿಗಳಿಗೆ ತಿಳಿಸಿ ವಿಚಾರಣೆಗೆ ಒಡ್ಡಿಕೊಂಡ. ಆಕೆಯ ದೇಹ, ಮನಸ್ಸು ಕುಸಿದು ಹೋಗುವುದನ್ನು ತಡೆದದ್ದೂ ಪ್ರಾಣ ಉಳಿಸಿದಂತೆಯೇ ಎಂಬ ದಾರಿಯಲ್ಲಿ ನ್ಯಾಯಾಧೀಶರು ಜ್ಯೂರಿಗೆ ವಿವರಿಸಿದರು. ಬೋರ್ನ್ ನಿರ್ದೋಷಿಯೆಂದು ಬಿಡುಗಡೆಯಾದ. ಸುಮಾರು ಮೂವತ್ತು ವರ್ಷಗಳ ಮೇಲೆ, 1967ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಗರ್ಭಪಾತದ ಕಾಯಿದೆ ಮಾಡಿತು. ಇಬ್ಬರು ವೈದ್ಯರು ಸದ್ಭಾವನೆಯಿಂದ ಅಭಿಪ್ರಾಯವನ್ನು ಬರೆದು ರುಜು ಹಾಕಬೇಕು. ಮಾಡಿದ್ದನ್ನು ಮುಖ್ಯ ವೈದ್ಯಾಧಿಕಾರಿಗೆ ತಿಳಿಸಬೇಕು. ಬಚ್ಚಿಡುತ್ತಿದ್ದ ಕೆಲಸ ಬರೆದಿಡುವ ಕೆಲಸವಾಯಿತು.

ನಮ್ಮಲ್ಲಿ ಅದೇ ಹೊತ್ತಿಗೆ ಇದೇ ಚಿಂತನೆ ನಡೆದಿತ್ತು. 1964ರಲ್ಲಿ ಕೇಂದ್ರ ಸರ್ಕಾರ ಮಹಾರಾಷ್ಟ್ರದ ಆರೋಗ್ಯ ಮಂತ್ರಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. 1966ರ ಡಿಸೆಂಬರಿನಲ್ಲಿ ಸಮಿತಿ ವರದಿ ಒಪ್ಪಿಸಿತು. ನಮ್ಮ ಬೀದಿಯ ಆ ಸಾವು ನಡೆದು ಐದಾರು ತಿಂಗಳಾಗಿತ್ತು. ಸಮಿತಿಯ ಲೆಕ್ಕದಂತೆ, ಐವತ್ತು ಕೋಟಿ ಜನರ ದೇಶದಲ್ಲಿ ವರ್ಷಕ್ಕೆ 39 ಲಕ್ಷ ಗರ್ಭಪಾತಗಳು ಮನುಷ್ಯ ಪ್ರಯತ್ನದಿಂದ ಆಗುತ್ತಿದ್ದವು. ಇದು ಎಣಿಸಿದ ಲೆಕ್ಕವಲ್ಲ, ಅಂದಾಜು. ಎಣಿಸುವುದಕ್ಕೆ ಪುಸ್ತಕವಾದರೂ ಎಲ್ಲಿತ್ತು? ದೇಶದ ಪುರಸಭೆಗಳಲ್ಲಿ ನಮ್ಮ ತಂದೆಯವರಂಥ ಗುಮಾಸ್ತರು ಎಷ್ಟು ಮಂದಿ ‘ಜ್ವರ’ ಎಂದು ಬರೆದಿದ್ದರೋ!

ಸಮಿತಿಯ ಸಲಹೆಯ ಮೇಲೆ 1971ರ ಆಗಸ್ಟಿನಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಬಂತು. 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಆಸ್ಪತ್ರೆಯವರು ಅದನ್ನು ಎಂ.ಟಿ.ಪಿ. ಎಂದು ಕರೆಯುತ್ತಾರೆ. ಈ ಕಾಯಿದೆ ದಂಡಸಂಹಿತೆಯನ್ನು ಅಳಿಸಲಿಲ್ಲ. ಕೋಟೆಯ ಗೋಡೆ ಹಾಗೆಯೇ ಉಳಿಯಿತು, ಒಂದು ಬಾಗಿಲು ಮಾತ್ರ ತೆರೆಯಿತು. ಆ ಬಾಗಿಲಿನಲ್ಲಿ ವೈದ್ಯರನ್ನು ಕಾವಲಿಗೆ ನಿಲ್ಲಿಸಿತು. ಹನ್ನೆರಡು ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ. ಹನ್ನೆರಡರಿಂದ ಇಪ್ಪತ್ತು ವಾರಗಳವರೆಗೆ ಇಬ್ಬರದು. ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಸರ್ಕಾರ ಒಪ್ಪಿದ ಸ್ಥಳದಲ್ಲಿ ಮಾತ್ರ ನಡೆಯಬೇಕು. ಅಲ್ಲಿ ಶಸ್ತ್ರಚಿಕಿತ್ಸೆಯ ಮೇಜು, ಅರಿವಳಿಕೆಯ ಸಲಕರಣೆ, ಉಪಕರಣಗಳನ್ನು ಕ್ರಿಮಿಶುದ್ಧಿ ಮಾಡುವ ಏರ್ಪಾಡು, ತುರ್ತಿಗೆ ಬೇಕಾದ ಔಷಧಿ ಇರಬೇಕು. ನಂಜೇರಿ ಸತ್ತವರ ಕಥೆಯನ್ನು ಬಲ್ಲವರು ಬರೆದ ಪಟ್ಟಿ ಇದು ಎಂಬುದು ಓದಿದರೆ ತಿಳಿಯುತ್ತದೆ. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದರೆ ವಾರಗಳ ಎಣಿಕೆಯನ್ನಾಗಲಿ, ಎರಡನೆಯ ವೈದ್ಯರನ್ನಾಗಲಿ ಕಾಯಬೇಕಾಗಿಲ್ಲ.

ಒಪ್ಪಿಗೆಯ ವಿಷಯದಲ್ಲಿ ಕಾಯಿದೆ ಇನ್ನೂ ದಿಟ್ಟವಾಗಿತ್ತು. ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ರುಜು ಬೇಕೆಂದು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಆದರೂ ಗಂಡನ ರುಜು ಕೇಳುವ ಆಸ್ಪತ್ರೆಗಳು ಇಂದಿಗೂ ಇವೆ. ಕಾಯಿದೆಯಲ್ಲಿ ಕೊರತೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಹೆಂಗಸಿನ ಇಚ್ಛೆಗಿಂತ ವೈದ್ಯರ ಅಭಿಪ್ರಾಯವನ್ನೇ ಅದು ಮುಂದಿಟ್ಟಿತು ಎಂಬ ಆಕ್ಷೇಪಣೆ ಸರಿಯಾದದ್ದೇ. ಆದರೆ ನಾನು ಹೇಳಹೊರಟಿರುವುದು ಅದರ ಇನ್ನೊಂದು ಮೂಲೆಯ ಮಾತು. ವಕೀಲರೂ ಭಾಷಣಕಾರರೂ ಅಷ್ಟಾಗಿ ಗಮನಿಸದ, ಗುಮಾಸ್ತರು ಮಾತ್ರ ಬಲ್ಲ ಮಾತು.

1981ರಲ್ಲಿ ನಾನೂ ಗುಮಾಸ್ತನಾದೆ, ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯ ಕಚೇರಿಯಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಂಗಸರ ವಾರ್ಡಿನ ಕೇಸ್‌ಷೀಟುಗಳನ್ನು ಬರೆಯಲು ಕೂತೆ. ಒಂದರಲ್ಲಿ ಹೆಸರಿನ ಜಾಗದಲ್ಲಿ ಬರಿಯ ನಂಬರು ಇತ್ತು. ಯಾರೋ ಮರೆತಿದ್ದಾರೆಂದು, ಹೊರರೋಗಿ ಚೀಟಿಯಲ್ಲಿದ್ದ ಹೆಸರನ್ನು ಹುಡುಕಿ ತೆಗೆದು, ನನ್ನ ಗುಂಡನೆಯ ಅಕ್ಷರದಲ್ಲಿ ತುಂಬಿದೆ. ಸಂಜೆಗೆ ಲೇಡಿ ಡಾಕ್ಟರಮ್ಮನವರು ಕರೆಸಿದರು.

“ಏನಪ್ಪಾ ಇದು? ಇಲ್ಲಿ ಹೆಸರು ಯಾಕೆ ಬಂತು?”

“ಹೆಸರಿಲ್ಲದೆ ಕೇಸ್‌ಷೀಟು ಹೇಗಮ್ಮ?”

“ನಂಬರು ಇಲ್ಲವೆ? ಇದನ್ನು ಹರಿದು ಹಾಕಿ ಹೊಸದು ಬರಿ. ಈ ಕಾಗದ ವಾರ್ಡಿನಲ್ಲಿ ಹತ್ತು ಕೈ ದಾಟುತ್ತೆ. ಅದರಲ್ಲಿ ಒಂದು ಕೈ ಅವಳ ಊರಿನದಾದರೆ?”

ನನ್ನ ಕಣ್ಣೆದುರಿಗೆ ನಮ್ಮ ಬೀದಿಯ ಬಾವಿಕಟ್ಟೆ ಬಂತು. ಆ ರಾತ್ರಿ ಕಚೇರಿಯ ಕಪಾಟಿನಿಂದ ನಿಬಂಧನೆಗಳ ಪುಸ್ತಕ ತೆಗೆದು ಓದಿದೆ. ಅಲ್ಲಿಯವರೆಗೆ ಸರ್ಕಾರದ ನಿಬಂಧನೆಗಳಲ್ಲಿ ಕರುಣೆ ಇರುತ್ತದೆಂದು ನಾನು ತಿಳಿದಿರಲಿಲ್ಲ.

ಕಾಯಿದೆಯ ಏಳನೆಯ ಕಲಮು ಇಂಥ ನಿಬಂಧನೆ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಅವುಗಳ ಮಾದರಿಯೆಂದರೆ ಕೇಂದ್ರ ಸರ್ಕಾರದ್ದು. ಅದರ ಕ್ರಮ ಹೀಗೆ: ಅಭಿಪ್ರಾಯ ಕೊಟ್ಟ ವೈದ್ಯರು ಕಾರಣವನ್ನು ನಿಗದಿಯಾದ ನಮೂನೆಯಲ್ಲಿ ಬರೆದು ರುಜು ಹಾಕಬೇಕು. ಗರ್ಭಪಾತ ನಡೆದ ಮೂರು ಗಂಟೆಗಳೊಳಗೆ ಅದನ್ನು ಪ್ರಮಾಣೀಕರಿಸಬೇಕು. ಹೆಂಗಸಿನ ಒಪ್ಪಿಗೆ ಪತ್ರ ಮತ್ತು ಈ ನಮೂನೆಯನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿ, ಮೇಲೆ ‘ರಹಸ್ಯ’ ಎಂದು ಬರೆದು, ಆಸ್ಪತ್ರೆಯ ಮುಖ್ಯಸ್ಥರ ವಶಕ್ಕೆ ಕೊಡಬೇಕು. ಲಕೋಟೆಯ ಮೇಲೆ ಹೆಂಗಸಿನ ಹೆಸರಿಲ್ಲ, ಕ್ರಮಸಂಖ್ಯೆ ಮಾತ್ರ. ಆ ಸಂಖ್ಯೆ ಬರುವುದು ‘ದಾಖಲಾತಿ ರಿಜಿಸ್ಟರಿ’ನಿಂದ. ಹೆಸರು, ವಯಸ್ಸು, ವಿಳಾಸ, ಕಾರಣ, ಬಂದ ದಿನ, ಹೋದ ದಿನ ಎಲ್ಲವನ್ನೂ ಬರೆಯುವುದು ಅದೊಂದರಲ್ಲಿಯೇ. ವರ್ಷ ವರ್ಷಕ್ಕೆ ಸಂಖ್ಯೆ ಹೊಸದಾಗಿ ಆರಂಭವಾಗಬೇಕು. ಗೊಂದಲವಾಗದಂತೆ 5/1972, 5/1973 ಎಂದು ಬರೆಯಿರಿ ಎಂದು ಉದಾಹರಣೆಯನ್ನೂ ಕೊಟ್ಟಿದ್ದಾರೆ. ಕೇಸ್‌ಷೀಟು, ಆಪರೇಷನ್ ಥಿಯೇಟರಿನ ಪುಸ್ತಕ, ಮುಂದಿನ ಭೇಟಿಯ ಕಾರ್ಡು, ಇವು ಯಾವುದರಲ್ಲಿಯೂ ಹೆಸರು ಕಾಣಿಸಕೂಡದು. ಆ ರಿಜಿಸ್ಟರು ರಹಸ್ಯ ದಾಖಲೆ. ಕಾನೂನಿನ ಅಧಿಕಾರವಿಲ್ಲದೆ ಯಾರೂ ತೆರೆದು ನೋಡುವಂತಿಲ್ಲ. ಕೆಲಸದಲ್ಲಿರುವ ಹೆಂಗಸು ರಜೆಗಾಗಿ ಪ್ರಮಾಣಪತ್ರ ಕೇಳಿದರೆ ವೈದ್ಯರು ಕೊಡಬಹುದು. ಆದರೆ ಅದನ್ನು ಪಡೆದ ಮಾಲೀಕ ಇನ್ನೊಬ್ಬರಿಗೆ ತಿಳಿಸಕೂಡದು. ಇಷ್ಟು ದೂರ ಯೋಚಿಸಿದವರು ಯಾರೋ, ಅವರಿಗೆ ನಮಸ್ಕಾರ.

ಹಾಗಾದರೆ ಸರ್ಕಾರಕ್ಕೆ ಲೆಕ್ಕ ಬೇಡವೆ? ಬೇಕು. ಎಷ್ಟು ನಡೆದವು, ಎಷ್ಟು ವಾರಗಳಿಗೆ, ಯಾವ ಕಾರಣಕ್ಕೆ, ತೊಡಕು ಬಂತೆ ಎಂಬುದನ್ನು ಮೇಲಿನ ವೈದ್ಯಾಧಿಕಾರಿಗೆ ಕಾಲಕಾಲಕ್ಕೆ ಕಳಿಸಬೇಕು. ನಾನು ಇಂಥ ತಃಖ್ತೆಗಳನ್ನು ಹನ್ನೊಂದು ವರ್ಷ ಬರೆದೆ. ಅದರಲ್ಲಿ ಅಂಕಿಗಳು ಮಾತ್ರ. ಸರ್ಕಾರಕ್ಕೆ ಬೇಕಾದದ್ದು ಸಂಖ್ಯೆ, ಬೀದಿಗೆ ಬೇಕಾದದ್ದು ಹೆಸರು. ನಿಬಂಧನೆ ಮಾಡಿದವರು ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಬೀಗದೊಳಗಿಟ್ಟರು.

ಕಡೆಯದಾಗಿ ಬೆಂಕಿ. ರಿಜಿಸ್ಟರಿನಲ್ಲಿ ಕೊನೆಯ ನಮೂದಾಗಿ ಐದು ವರ್ಷ ಕಳೆದ ಮೇಲೆ ಅದನ್ನು ನಾಶಮಾಡಬೇಕು. ಉಳಿದ ಕಾಗದಗಳನ್ನು ಮೂರು ವರ್ಷಗಳ ಮೇಲೆ. ಯಾವುದಾದರೂ ಮೊಕದ್ದಮೆ ನಡೆಯುತ್ತಿದ್ದರೆ ಮಾತು ಬೇರೆ. ನಾನು ಒಂದು ಸಲ ಆ ಕೆಲಸಕ್ಕೆ ಸಾಕ್ಷಿಯಾಗಿ ನಿಂತಿದ್ದೆ. ಆಸ್ಪತ್ರೆಯ ಹಿಂಭಾಗದಲ್ಲಿ, ಮುಖ್ಯಸ್ಥರ ಎದುರಿಗೆ, ಮೊಹರು ಒಡೆಯದ ಲಕೋಟೆಗಳ ಕಟ್ಟುಗಳು ಉರಿದವು. ಅರಗು ಕರಗಿದ ವಾಸನೆ ಇನ್ನೂ ನೆನಪಿದೆ. ಗುಮಾಸ್ತನ ಮಗ, ಗುಮಾಸ್ತ, ದಾಖಲೆ ಸುಡುವುದನ್ನು ನೋಡಿ ನನಗೆ ಸಂಕಟವಾಗಬೇಕಾಗಿತ್ತು. ಆಗಲಿಲ್ಲ.

ಇಷ್ಟೆಲ್ಲ ಇದ್ದರೂ ಎಲ್ಲ ಸರಿಹೋಯಿತೆಂದು ಹೇಳುವಂತಿಲ್ಲ. 2015ನೆಯ ವರ್ಷಕ್ಕೆ ಸಂಬಂಧಿಸಿ ತಜ್ಞರು ನಡೆಸಿದ ಅಧ್ಯಯನವೊಂದರ ಪ್ರಕಾರ ಆ ವರ್ಷ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು. ಅವುಗಳಲ್ಲಿ ಶೇಕಡ 73ರಷ್ಟು ಆಸ್ಪತ್ರೆಯ ಹೊರಗೆ, ಗುಳಿಗೆಗಳ ಮೂಲಕ. ಆಸ್ಪತ್ರೆಗಳಲ್ಲಿ ಆದದ್ದು ಶೇಕಡ 22 ಮಾತ್ರ. ಇದೂ ಅಂದಾಜೇ ಎಂಬುದನ್ನು ಗಮನಿಸಬೇಕು. ಷಾ ಸಮಿತಿಯಾಗಿ ಅರ್ಧ ಶತಮಾನದ ಬಳಿಕವೂ ನಾವು ಅಂದಾಜಿನಲ್ಲಿಯೇ ಇದ್ದೇವೆ. ಗುಳಿಗೆಯಿಂದ ಜೀವಕ್ಕೆ ಅಪಾಯ ಹಿಂದಿನ ಕೈಮದ್ದಿಗಿಂತ ಬಹಳ ಕಡಿಮೆಯೆಂಬುದು ನಿಜ. ಆದರೂ ಇಷ್ಟು ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತದಿರುವುದಕ್ಕೆ ದೂರ, ಖರ್ಚು, ವೈದ್ಯರ ಅಭಾವ ಇವುಗಳ ಜೊತೆಗೆ ‘ಹೆಸರು ಬರೆದುಕೊಳ್ಳುತ್ತಾರೆ’ ಎಂಬ ಅಂಜಿಕೆಯೂ ಸೇರಿದೆಯೆಂದು ಹೊರರೋಗಿ ಕಿಟಕಿಯಲ್ಲಿ ಕುಳಿತಿದ್ದ ನಾನು ಬಲ್ಲೆ.

ಇನ್ನೊಂದು ತೊಡಕು, ಬೇರೊಂದು ಒಳ್ಳೆಯ ಕಾನೂನಿನಿಂದ ಬಂದದ್ದು. ಹೆಣ್ಣುಭ್ರೂಣವನ್ನು ಹುಡುಕಿ ತೆಗೆಸುವ ಪಿಡುಗನ್ನು ತಡೆಯಲು 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸಿದರು. ಆ ಕಾನೂನಿನ ಪ್ರಕಾರ ಸ್ಕ್ಯಾನಿನ ದಾಖಲೆಗಳನ್ನು ಎರಡು ವರ್ಷ ಇಟ್ಟು, ಅಧಿಕಾರಿಗಳು ಕೇಳಿದಾಗ ತೋರಿಸಬೇಕು. ಅದು ತೆರೆದಿಡಬೇಕಾದ ದಾಖಲೆ. ಇದು ಮುಚ್ಚಿಡಬೇಕಾದ ದಾಖಲೆ. ಎರಡೂ ಒಂದೇ ಆಸ್ಪತ್ರೆಯ ಒಂದೇ ಬೀರುವಿನಲ್ಲಿ ಪಕ್ಕಪಕ್ಕ ಇರುತ್ತವೆ. ತಪಾಸಣೆಗೆ ಬಂದವರು ಇವೆರಡರ ಭೇದ ಮರೆತರೆ, ಸರಿಯಾಗಿ ಬರೆಯುವ ವೈದ್ಯರೇ ಹೆದರಿ ಹಿಂಜರಿಯುತ್ತಾರೆ. ಹೆದರದವರು ಯಾರೆಂದರೆ ಏನನ್ನೂ ಬರೆಯದವರು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೋಲೀಸರು ಬಯಲಿಗೆಳೆದದ್ದನ್ನು ಓದುಗರು ಮರೆತಿರಲಾರರು. ಬೆಲ್ಲ ಕಾಯಿಸುವ ಮನೆಯಲ್ಲಿ ಯಾವ ರಿಜಿಸ್ಟರು?

ಸಮಾಧಾನದ ಸಂಗತಿಗಳೂ ಉಂಟು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. 2021ರ ತಿದ್ದುಪಡಿ ಒಬ್ಬ ವೈದ್ಯರ ಅಭಿಪ್ರಾಯದ ಮಿತಿಯನ್ನು ಇಪ್ಪತ್ತು ವಾರಗಳಿಗೆ ಏರಿಸಿತು; ಕೆಲವು ವರ್ಗದ ಹೆಂಗಸರಿಗೆ ಇಬ್ಬರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರಗಳವರೆಗೆ ಅವಕಾಶ ಕೊಟ್ಟಿತು. ನಿಬಂಧನೆಯ ಮೂಲೆಯಲ್ಲಿದ್ದ ಗುಟ್ಟಿನ ನಿಯಮವನ್ನು ಕಾಯಿದೆಯ ನಡುಮನೆಗೇ ತಂದಿತು: ಕಾನೂನಿನ ಅಧಿಕಾರವಿಲ್ಲದವರಿಗೆ ಹೆಂಗಸಿನ ಹೆಸರು ಬಿಟ್ಟುಕೊಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಹದಿನೆಂಟು ತುಂಬದ ಹುಡುಗಿಯರದೊಂದು ಕಷ್ಟ ಉಳಿದಿತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೋ ಕಾಯಿದೆಯಂತೆ ವೈದ್ಯರು ಪೋಲೀಸರಿಗೆ ತಿಳಿಸಲೇಬೇಕು. ತಿಳಿಸುತ್ತಾರೆಂಬ ಭಯಕ್ಕೆ ಹುಡುಗಿಯರು ಮತ್ತೆ ಕೈಮದ್ದಿನವರ ಬಳಿಗೆ ಹೋಗುವ ಅಪಾಯ. 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯ ಇದಕ್ಕೆ ದಾರಿ ತೋರಿತು: ವೈದ್ಯರು ಸಂಗತಿ ತಿಳಿಸಲಿ; ಹುಡುಗಿಯೂ ಅವಳ ಪೋಷಕರೂ ಕೋರಿದರೆ ಅವಳ ಹೆಸರನ್ನೂ ಗುರುತನ್ನೂ ಹೇಳಬೇಕಾಗಿಲ್ಲ. ಹಿಂದೆ ನಮ್ಮ ಡಾಕ್ಟರಮ್ಮನವರು ಗದರಿಸಿ ಕಲಿಸಿದ ಪಾಠವೇ ಇದು. ಆದರೆ 312ನೆಯ ಕಲಮು ಹೋಗಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಅದು 88ನೆಯ ಕಲಮಾಗಿ ಕುಳಿತಿದೆ.

ಈಚೆಗೆ ಅಜ್ಜಿಯ ಮರಣದ ನಕಲಿಗಾಗಿ ನಮ್ಮ ಊರಿನ ಪುರಸಭೆಗೆ ಹೋಗಿದ್ದೆ. ಈಗಿನ ಗುಮಾಸ್ತ ಒಳ್ಳೆಯ ಹುಡುಗ. ಹಳೆಯ ಪುಸ್ತಕಗಳನ್ನು ಹೊರಗೆ ತಂದು, “ನೀವೇ ನೋಡಿಕೊಳ್ಳಿ ಸಾರ್, ನಮ್ಮ ಕಣ್ಣಿಗೆ ಆ ಅಕ್ಷರ ಹತ್ತೋದಿಲ್ಲ” ಎಂದ. ನನಗೆ ಹತ್ತಿತು. ತಂದೆಯವರ ಕೈಬರಹ. ಪುಟ ತಿರುವುತ್ತ 1966ಕ್ಕೆ ಬಂದೆ. ಆಕೆಯ ಹೆಸರು, ಗಂಡನ ಹೆಸರು, ವಯಸ್ಸು ಇಪ್ಪತ್ತೊಂಬತ್ತು, ಕಾರಣ ಜ್ವರ. ಅರುವತ್ತು ವರ್ಷಗಳಾಗುತ್ತ ಬಂದರೂ ಮಸಿ ಮಾಸಿಲ್ಲ. ಯಾರು ಬೇಕಾದರೂ ಕೇಳಿ ನಕಲು ಪಡೆಯಬಹುದು.

ನಾನು ಕೆಲಸ ಮಾಡಿದ ಆಸ್ಪತ್ರೆಯ ರಿಜಿಸ್ಟರುಗಳು ಬೂದಿಯಾಗಿ ಎಷ್ಟೋ ಕಾಲವಾಯಿತು. ಅದರಲ್ಲಿದ್ದ ಹೆಂಗಸರು ತಮ್ಮ ತಮ್ಮ ಊರುಗಳಲ್ಲಿ ಈಗ ಅಜ್ಜಿಯರಾಗಿರಬೇಕು. ದಾರಿಯಲ್ಲಿ ಎದುರಾದರೆ ನನಗೆ ಗುರುತು ಸಿಕ್ಕುವುದಿಲ್ಲ. ಸಿಕ್ಕಬಾರದೆಂದೇ ಅಷ್ಟು ಕಾಗದ, ಅಷ್ಟು ಅರಗು, ಅಷ್ಟು ನಂಬರುಗಳು.